ಸ್ಟೆಂಟೋರಿಯನ್: ಐವತ್ತು ಜನರ ದನಿ ಹೊತ್ತ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೆಂಟೋರಿಯನ್ ಅಂದ್ರೆ ಏನರ್ಥ?

ತುಂಬಾ ಜೋರಾದ, ದೂರದವರೆಗೂ ಕೇಳಿಸುವ ದನಿಗೆ ಇಂಗ್ಲಿಷಿನಲ್ಲಿ ಬಳಸುವ ವಿಶೇಷಣ ಇದು. ಮೈಕ್ ಇಲ್ಲದೆಯೇ ಮೈದಾನದ ಕೊನೇ ಸಾಲಿಗೂ ಮಾತು ಮುಟ್ಟಿಸುವವರು ಇರ್ತಾರೆ ಅಲ್ವಾ, ಅಂಥವರ ದನಿಗೆ ಸರಿಯಾಗಿ ಒಪ್ಪುತ್ತದೆ. ನಿಘಂಟುಗಳು ‘ಬಹಳ ಜೋರಾದ’ ಅಂತ ಎರಡು ಪದದಲ್ಲಿ ಮುಗಿಸಿಬಿಡುತ್ತವೆ. ಅಲ್ಲಿಗೇ ನಿಂತರೆ ಅರ್ಧ ಅರ್ಥ ಕೈತಪ್ಪುತ್ತದೆ. ಗದ್ದಲ ಎಷ್ಟೇ ಜೋರಾಗಿರಲಿ, ಅದು ಸ್ಟೆಂಟೋರಿಯನ್ ಅಲ್ಲ. ಒಬ್ಬರು ಮಾತಾಡಿದ್ದು ನೂರಾರು ಜನರಿಗೆ ಪದ ಪದವಾಗಿ ತಲುಪಬೇಕು. ದನಿಯಲ್ಲಿ ಒಂದು ಗತ್ತೂ ಇರಬೇಕು. ಹಾಗೇಕೆ ಅನ್ನುವುದು ಪದದ ಹುಟ್ಟಿನಲ್ಲೇ ಇದೆ. ಮುಂದೆ ನೋಡೋಣ.

ಸ್ಪೆಲಿಂಗ್ ಏನು, ಹೇಗೆ ಹೇಳಬೇಕು?

ಎಸ್-ಟಿ-ಇ-ಎನ್-ಟಿ-ಓ-ಆರ್-ಐ-ಎ-ಎನ್. ಹೇಳುವಾಗ ಒತ್ತು ಎರಡನೇ ಭಾಗಕ್ಕೆ: ಸ್ಟೆನ್-ಟೋ-ರಿಯನ್. ಮೂಲ ಹೆಸರಾದ ಸ್ಟೆಂಟರ್ ಹೇಳುವಾಗ ಮಾತ್ರ ಒತ್ತು ಮೊದಲಿಗೇ ಬೀಳುತ್ತದೆ.

ಈ ಸ್ಟೆಂಟರ್ ಯಾರು?

ಟ್ರಾಯ್ ಯುದ್ಧದಲ್ಲಿ ಗ್ರೀಕರ ಕಡೆ ಇದ್ದವನು. ಹೋಮರನ ಇಲಿಯಡ್ ಕಾವ್ಯದ ಐದನೇ ಸರ್ಗದಲ್ಲಿ ಅವನ ಹೆಸರು ಬರುತ್ತದೆ. ಹೋಮರನಲ್ಲಿ ಅವನ ಪ್ರಸ್ತಾಪ ಅದೊಂದೇ ಕಡೆ, ಅದೂ ಒಂದೆರಡು ಸಾಲು ಅಷ್ಟೇ. ಅವನ ಅಪ್ಪ ಯಾರು, ಊರು ಯಾವುದು, ಯಾರನ್ನು ಕೊಂದ, ಒಂದೂ ಅಲ್ಲಿಲ್ಲ. ದೊಡ್ಡ ಮನಸ್ಸಿನವನು, ಕಂಚಿನ ದನಿಯವನು, ಅವನೊಬ್ಬ ಕೂಗಿದರೆ ಐವತ್ತು ಜನ ಕೂಗಿದಂತೆ. ಇಷ್ಟೇ ಪರಿಚಯ.

ಆ ಸನ್ನಿವೇಶ ಮಾತ್ರ ಚೆನ್ನಾಗಿದೆ. ಯುದ್ಧದೇವತೆ ಏರೀಸ್ ಟ್ರೋಜನ್ನರ ಪಕ್ಷ ಸೇರಿ ಕಾದುತ್ತಿದ್ದಾನೆ. ಗ್ರೀಕರು ಹಿಂದೆ ಸರಿಯುತ್ತಿದ್ದಾರೆ. ದೇವತೆಗಳ ರಾಣಿ ಹೇರಾಗೆ ತಡೆಯಲಾಗುವುದಿಲ್ಲ. ಜ್ಞಾನದೇವತೆ ಅಥೀನಾಳನ್ನು ಜೊತೆಗೆ ಕರೆದುಕೊಂಡು ರಥ ಏರಿ ಕೆಳಗೆ ಬರುತ್ತಾಳೆ. ಸಿಮೋಯಿಸ್ ಮತ್ತು ಸ್ಕಮಾಂಡರ್ ನದಿಗಳು ಸೇರುವ ಜಾಗದಲ್ಲಿ ಕುದುರೆ ಬಿಚ್ಚಿ ಮೇಯಲು ಬಿಡುತ್ತಾರೆ. ಅಲ್ಲಿಂದ ಇಬ್ಬರೂ ನಡೆದು ಹೋಗುವ ಬಗೆಯನ್ನು ಹೋಮರ್ ಪಾರಿವಾಳಗಳ ನಡಿಗೆಗೆ ಹೋಲಿಸುತ್ತಾನೆ. ಅಷ್ಟು ಮೆಲ್ಲಗೆ ಬಂದ ಹೇರಾ ವೀರರ ಗುಂಪಿನ ನಡುವೆ ನಿಂತು, ಸ್ಟೆಂಟರನ ರೂಪ ತಾಳಿ, ಇದ್ದಕ್ಕಿದ್ದಂತೆ ಅಬ್ಬರಿಸುತ್ತಾಳೆ. ನಿಮಗೆ ನಾಚಿಕೆ ಆಗಲ್ವಾ, ನಿಮ್ಮ ಮಹಾವೀರ ಅಕಿಲೀಸ್ ಯುದ್ಧಕ್ಕೆ ಬರುತ್ತಿದ್ದಾಗ ಈ ಟ್ರೋಜನ್ನರು ಕೋಟೆ ಬಾಗಿಲು ದಾಟುತ್ತಿರಲಿಲ್ಲ, ಈಗ ನೋಡಿದರೆ ನಿಮ್ಮ ಹಡಗುಗಳ ಹತ್ತಿರಕ್ಕೇ ಬಂದಿದ್ದಾರೆ ಅನ್ನುವ ಧಾಟಿಯಲ್ಲಿ ಬೈಯುತ್ತಾಳೆ. ಸೈನಿಕರಿಗೆ ಹುರುಪು ಬರುತ್ತದೆ.

ಒಂದು ತಮಾಷೆ ಗಮನಿಸಿದಿರಾ? ಇಡೀ ಕಾವ್ಯದಲ್ಲಿ ಸ್ಟೆಂಟರ್ ಒಮ್ಮೆಯೂ ಬಾಯಿ ತೆರೆಯುವುದಿಲ್ಲ. ನಾವು ಕೇಳುವ ಸ್ಟೆಂಟರನ ದನಿ ಹೇರಾಳದ್ದು. ಹೆಂಗಸರ ದನಿಗೆ ಈ ಪದ ಬಳಸಬಹುದಾ ಅಂತ ಕೆಲವರು ಕೇಳುತ್ತಾರೆ. ಧಾರಾಳವಾಗಿ ಬಳಸಬಹುದು.

ಅವನು ಸೈನ್ಯದಲ್ಲಿ ಅಪ್ಪಣೆ ಸಾರುವವನಾಗಿದ್ದ ಅಂತ ಓದಿದ್ದೇನೆ. ನಿಜವೇ?

ಹೋಮರ್ ಹಾಗೆ ಹೇಳಿಲ್ಲ. ಅವನು ಸಾರುವವರು ಅಂತ ಹೆಸರಿಸುವುದು ಟಾಲ್ತೀಬಿಯಸ್, ಯುರಿಬಟೀಸ್ ಮುಂತಾದವರನ್ನು. ಸ್ಟೆಂಟರನಿಗೆ ಆ ಕೆಲಸ ಕೊಟ್ಟಿದ್ದು ನಂತರದವರು. ಆದರೆ ಕೊಟ್ಟಿದ್ದು ಸುಮ್ನೆ ಅಲ್ಲ. ಅಂಥ ದನಿಗೆ ಆ ಕಾಲದಲ್ಲಿ ಇದ್ದ ನೌಕರಿ ಅದೇ.

ಒಬ್ಬನ ದನಿಗೆ ಅಷ್ಟೊಂದು ಬೆಲೆ ಯಾಕೆ?

ಮೈಕ್ ಇಲ್ಲ, ವೈರ್‌ಲೆಸ್ ಇಲ್ಲ. ಸಾವಿರಾರು ಜನರ ಸೈನ್ಯಕ್ಕೆ ಅಪ್ಪಣೆ ತಲುಪಿಸಬೇಕು. ಇಲಿಯಡ್‌ನ ಎರಡನೇ ಸರ್ಗದಲ್ಲಿ ಗ್ರೀಕ್ ಸೈನಿಕರು ಸಭೆ ಸೇರುತ್ತಾರೆ. ರಾಜರ ಮಾತು ಕೇಳಿಸಲಿ ಅಂತ ಬರೀ ಗದ್ದಲ ಅಡಗಿಸಲು ಒಂಬತ್ತು ಜನ ಸಾರುವವರು ಕೂಗಬೇಕಾಗುತ್ತದೆ. ಒಂಬತ್ತು ಜನರ ಕೆಲಸ ಒಬ್ಬನೇ ಮಾಡಿದರೆ ಯಾರಿಗೆ ಬೇಡ?

ಇತಿಹಾಸಕಾರ ಹೆರೊಡೋಟಸ್ ಹೇಳುವ ಒಂದು ಪ್ರಸಂಗ ನನಗೆ ಇದಕ್ಕಿಂತ ಇಷ್ಟ. ಪರ್ಷಿಯಾದ ರಾಜ ಡೇರಿಯಸ್ ಅಲೆಮಾರಿ ಜನರಾದ ಸಿಥಿಯನ್ನರ ಮೇಲೆ ದಂಡೆತ್ತಿ ಹೋಗಿ ಬರಿಗೈಲಿ ವಾಪಸಾಗುತ್ತಿದ್ದ. ಡ್ಯಾನ್ಯೂಬ್ ನದಿಗೆ ದೋಣಿಗಳ ಸೇತುವೆ ಕಟ್ಟಿಸಿ, ಕಾಯಲು ಅಯೋನಿಯನ್ ಗ್ರೀಕರನ್ನು ಬಿಟ್ಟಿದ್ದ. ರಾತ್ರಿ ಹೊತ್ತಲ್ಲಿ ಬಂದು ನೋಡಿದರೆ ಈ ದಡದ ಕಡೆ ಸೇತುವೆ ಬಿಚ್ಚಿದೆ. ಬೆನ್ನ ಹಿಂದೆ ಶತ್ರುಗಳು. ಗ್ರೀಕರು ಕೈಕೊಟ್ಟು ಹೋದರು ಅಂತ ಎಲ್ಲರಿಗೂ ಗಾಬರಿ. ಡೇರಿಯಸ್‌ನ ಜೊತೆ ಒಬ್ಬ ಈಜಿಪ್ಟಿನವನಿದ್ದ. ಅವನಷ್ಟು ಜೋರು ದನಿ ಲೋಕದಲ್ಲೇ ಇರಲಿಲ್ಲವಂತೆ. ದಡದಲ್ಲಿ ನಿಂತು, ಸೇತುವೆ ಕಾಯುತ್ತಿದ್ದ ಗ್ರೀಕರ ನಾಯಕರಲ್ಲಿ ಒಬ್ಬನಾದ ಮಿಲೆಟಸ್‌ನ ಹಿಸ್ಟಿಯಾಯಿಸ್‌ನನ್ನು ಹೆಸರು ಹಿಡಿದು ಕೂಗು ಅಂದರು. ಕೂಗಿದ. ಮೊದಲ ಕೂಗಿಗೇ ಆ ಕಡೆ ಕೇಳಿಸಿತು. ದೋಣಿಗಳು ಬಂದವು, ಸೇತುವೆ ಕೂಡಿತು, ಸೈನ್ಯ ಪಾರಾಯಿತು. ಇಷ್ಟೆಲ್ಲ ಮಾಡಿದವನ ಹೆಸರು ಹೆರೊಡೋಟಸ್ ಬರೆದಿಲ್ಲ. ಬರೆದಿದ್ದರೆ ನಾವು ಇವತ್ತು ಬೇರೆ ಯಾವುದೋ ಪದದ ಬಗ್ಗೆ ಮಾತಾಡುತ್ತಿದ್ದೆವೋ ಏನೋ.

ಅರಿಸ್ಟಾಟಲ್ ಇದನ್ನೇ ಆಡಳಿತದ ಪ್ರಶ್ನೆ ಮಾಡಿದ. ಒಂದು ಪಟ್ಟಣ ಎಷ್ಟು ದೊಡ್ಡದಿರಬೇಕು ಅಂತ ‘ಪಾಲಿಟಿಕ್ಸ್’ ಗ್ರಂಥದ ಏಳನೇ ಭಾಗದಲ್ಲಿ ಚರ್ಚಿಸುತ್ತಾನೆ. ಜನ ಮಿತಿಮೀರಿ ಬೆಳೆದರೆ ಅವರಿಗೆ ಸೇನಾಪತಿ ಆಗುವವರು ಯಾರು, ಸ್ಟೆಂಟರನ ದನಿ ಇಲ್ಲದವನು ಅವರಿಗೆ ಸಾರುವುದಾದರೂ ಹೇಗೆ ಅಂತ ಕೇಳುತ್ತಾನೆ. ಆ ವಾಕ್ಯದಲ್ಲಿ ಅವನು ಬಳಸಿದ್ದು ‘ಸ್ಟೆಂಟೋರೆಯಾಸ್’ ಅನ್ನುವ ವಿಶೇಷಣ. ಅಂದರೆ ಕ್ರಿಸ್ತಪೂರ್ವ 4ನೇ ಶತಮಾನಕ್ಕಾಗಲೇ ಗ್ರೀಕ್ ಭಾಷೆಯಲ್ಲಿ ಹೆಸರು ಹೋಗಿ ವಿಶೇಷಣ ಆಗಿತ್ತು.

ಇಲಿಯಡ್‌ನಲ್ಲಿ ಸ್ಟೆಂಟರನೇ ಎಲ್ಲರಿಗಿಂತ ಜೋರಾ?

ಖಂಡಿತ ಅಲ್ಲ. ಅದೇ ಐದನೇ ಸರ್ಗದ ಕೊನೆ ಕೊನೆಗೆ ಗ್ರೀಕ್ ವೀರ ಡಯೊಮಿಡೀಸ್‌ನ ಈಟಿ ಏರೀಸ್‌ಗೆ ತಗಲುತ್ತದೆ. ಆಗ ಏರೀಸ್ ಕಿರುಚುವುದು ಒಂಬತ್ತು ಸಾವಿರ, ಹತ್ತು ಸಾವಿರ ಯೋಧರು ಒಟ್ಟಿಗೆ ಕೂಗಿದ ಹಾಗೆ. ಐವತ್ತು ಎಲ್ಲಿ, ಹತ್ತು ಸಾವಿರ ಎಲ್ಲಿ! ಹದಿನೆಂಟನೇ ಸರ್ಗದಲ್ಲಿ ಅಕಿಲೀಸ್ ಕಂದಕದ ಬಳಿ ನಿಂತು ಮೂರು ಸಲ ಕೂಗುತ್ತಾನೆ. ಆ ಗಲಿಬಿಲಿಯಲ್ಲೇ ಟ್ರೋಜನ್ನರ ಹನ್ನೆರಡು ಜನ ತಮ್ಮವರದೇ ರಥ, ಈಟಿಗಳಿಗೆ ಸಿಕ್ಕಿ ಸಾಯುತ್ತಾರೆ.

ರೋಮನ್ ಕವಿ ಜುವೆನಾಲ್‌ಗೂ ಈ ಲೆಕ್ಕ ಗೊತ್ತಿತ್ತು. ಮೋಸಹೋಗಿ ಬೊಬ್ಬೆ ಹೊಡೆಯುವ ಒಬ್ಬನನ್ನು ಗೇಲಿ ಮಾಡುತ್ತಾ, ಸ್ಟೆಂಟರನನ್ನೂ ಸೋಲಿಸುವಷ್ಟು ಕೂಗುತ್ತೀಯ, ಅಲ್ಲಲ್ಲ, ಹೋಮರನ ಯುದ್ಧದೇವತೆಯಷ್ಟು ಅಂತ ತಿದ್ದಿಕೊಳ್ಳುತ್ತಾನೆ.

ಆದರೂ ಭಾಷೆಗೆ ಹೆಸರು ಕೊಟ್ಟವನು ಸ್ಟೆಂಟರ್. ನನಗನಿಸುವುದು ಹೀಗೆ. ಏರೀಸ್ ಕೂಗಿದ್ದು ನೋವಿಗೆ. ಅದರಲ್ಲಿ ಮಾತಿಲ್ಲ. ಸ್ಟೆಂಟರನ ದನಿಯಲ್ಲಿ ಬಂದದ್ದು ಅರ್ಥವಾಗುವ ಮಾತು. ಮೇಲಾಗಿ ಅವನು ಮನುಷ್ಯ. ಮನುಷ್ಯರ ದನಿಗೆ ಮನುಷ್ಯನದೇ ಅಳತೆ ಬೇಕು.

ಅವನು ಸತ್ತಿದ್ದು ಹೇಗೆ?

ಹೋಮರ್ ಹೇಳಿಲ್ಲ. ಇಲಿಯಡ್‌ಗೆ ಬರೆದ ಹಳೇ ಟಿಪ್ಪಣಿಗಳಲ್ಲಿ ಒಂದು ಕಥೆ ಇದೆ: ದೇವತೆಗಳ ದೂತ ಹರ್ಮೀಸ್ ಜೊತೆ ಕೂಗುವ ಪಂದ್ಯಕ್ಕೆ ನಿಂತು, ಸೋತು, ಪ್ರಾಣ ಬಿಟ್ಟ ಅಂತ. ದೇವತೆಗಳ ಜೊತೆ ಪಂದ್ಯ ಕಟ್ಟಿದವರಿಗೆ ಗ್ರೀಕ್ ಕಥೆಗಳಲ್ಲಿ ಒಳ್ಳೇದಾಗಿದ್ದು ಕಮ್ಮಿ.

ಸ್ಟೆಂಟರ್ ಅನ್ನುವ ಹೆಸರಿಗೇ ಏನಾದರೂ ಅರ್ಥ ಇದೆಯಾ? ಸಂಸ್ಕೃತಕ್ಕೆ ಸಂಬಂಧ ಇದೆ ಅಂತಾರಲ್ಲ?

ಇದೆ. ಗ್ರೀಕ್‌ನಲ್ಲಿ ‘ಸ್ಟೆನೈನ್’ ಅಂದರೆ ನರಳು, ಗೋಳಿಡು. ಸ್ಟೆಂಟರ್ ಅದರಿಂದ ಬಂದದ್ದು ಅನ್ನುತ್ತಾರೆ. ಅದೇ ಬೇರಿನ ಸಂಸ್ಕೃತ ಧಾತು ‘ಸ್ತನ್’. ಅರ್ಥ ಗುಡುಗು, ಗರ್ಜಿಸು. ‘ಸ್ತನಿತ’ ಅಂದರೆ ಗುಡುಗಿನ ಸದ್ದು. ಈ ಪದ ಕನ್ನಡ ನಿಘಂಟಿನಲ್ಲೂ ಸಿಗುತ್ತದೆ. ಅದೇ ಬೇರು ಲ್ಯಾಟಿನ್‌ನಲ್ಲಿ ‘ಟೊನಾರೆ’ ಆಗಿ, ಅಲ್ಲಿಂದ ಇಂಗ್ಲಿಷಿನ ಡಿಟೋನೇಟ್ (ಸ್ಫೋಟಿಸು) ಹುಟ್ಟಿತು. ಇನ್ನೊಂದು ಕವಲಿನಲ್ಲಿ ಇಂಗ್ಲಿಷಿನ ಥಂಡರ್ ಬಂತು. ಉತ್ತರ ಯುರೋಪಿನ ಗುಡುಗಿನ ದೇವರು ಥಾರ್, ಅವನ ಹೆಸರಿನ ಥರ್ಸ್‌ಡೇ, ಎಲ್ಲ ಅದೇ ಮನೆತನ. ಹಾಗಂತ ಸ್ಟೆಂಟೋರಿಯನ್ ಪದ ಸಂಸ್ಕೃತದಿಂದ ಹೋಯಿತು ಅಂತ ಫಾರ್ವರ್ಡ್ ಮಾಡಬೇಡಿ. ಎರಡೂ ಅಕ್ಕತಂಗಿಯರ ಮಕ್ಕಳು, ತಾಯಿ ಮಗಳಲ್ಲ.

ಐವತ್ತು ಜನರ ದನಿ ಅಂದ್ರೆ ಎಷ್ಟು ಡೆಸಿಬೆಲ್?

ಈ ಪ್ರಶ್ನೆಗೆ ಉತ್ತರ ಲೆಕ್ಕ ಹಾಕಿದರೆ ಸ್ವಲ್ಪ ನಿರಾಸೆ ಆಗುತ್ತದೆ. ಗಂಟಲು ಬಿಟ್ಟು ಕೂಗಿದರೆ ಒಂದು ಮೀಟರ್ ದೂರದಲ್ಲಿ ಸುಮಾರು 85ರಿಂದ 90 ಡೆಸಿಬೆಲ್ ಬರುತ್ತದೆ ಅಂತಿಟ್ಟುಕೊಳ್ಳಿ. ಐವತ್ತು ಜನ ಒಟ್ಟಿಗೆ ಕೂಗಿದರೆ ಅದನ್ನು ಐವತ್ತರಿಂದ ಗುಣಿಸುವ ಹಾಗಿಲ್ಲ. ಡೆಸಿಬೆಲ್ ಲಾಗರಿದಮ್ ಅಳತೆ. ಶಕ್ತಿ ಹತ್ತು ಪಟ್ಟಾದರೆ 10 ಡೆಸಿಬೆಲ್ ಜಾಸ್ತಿ, ನೂರು ಪಟ್ಟಾದರೆ 20. ಐವತ್ತು ಪಟ್ಟಿಗೆ ಸಿಗುವುದು ಸುಮಾರು 17. ಅಂದರೆ ಸ್ಟೆಂಟರನ ದನಿ 102ರಿಂದ 107 ಡೆಸಿಬೆಲ್.

ನಮ್ಮ ಕಿವಿಗೆ 10 ಡೆಸಿಬೆಲ್ ಏರಿದರೆ ಸದ್ದು ಹೆಚ್ಚುಕಮ್ಮಿ ಎರಡರಷ್ಟಾದಂತೆ ಅನಿಸುತ್ತದೆ. ಆ ಲೆಕ್ಕದಲ್ಲಿ 17 ಡೆಸಿಬೆಲ್‌ಗೆ ಮೂರು ಪಟ್ಟು ಚಿಲ್ಲರೆ. ಐವತ್ತು ಜನರ ಗಂಟಲಿದ್ದರೂ ಕೇಳುವವನಿಗೆ ಮೂರೇ ಪಟ್ಟು ಜೋರು!

ಆದರೆ ದೂರದ ಲೆಕ್ಕ ಬೇರೆ. ಬಯಲಿನಲ್ಲಿ ದೂರ ಎರಡರಷ್ಟಾದಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ 17 ಡೆಸಿಬೆಲ್ ಹೆಚ್ಚಿಗೆ ಇದ್ದರೆ ಏಳು ಪಟ್ಟು ದೂರಕ್ಕೆ ಅದೇ ದನಿ ಮುಟ್ಟುತ್ತದೆ. ಸಾಮಾನ್ಯ ಸೈನಿಕನ ಕೂಗು 100 ಮೀಟರ್‌ವರೆಗೆ ಅರ್ಥವಾದರೆ ಸ್ಟೆಂಟರನದು 700 ಮೀಟರ್‌ಗೆ ಅರ್ಥವಾದೀತು. ಗಾಳಿ, ಗುಂಪಿನ ಗಲಾಟೆ ಎಲ್ಲ ಕಳೆದರೆ ಇನ್ನೂ ಕಮ್ಮಿ. ಇರಲಿ, ಯುದ್ಧದಲ್ಲಿ ಬೇಕಾದದ್ದು ಹತ್ತಿರದವರ ಕಿವಿ ಒಡೆಯುವುದಲ್ಲ, ದೂರದವರಿಗೆ ಮುಟ್ಟುವುದು. ಅಲ್ಲಿ ಏಳು ಪಟ್ಟು ಅಂದರೆ ದೊಡ್ಡ ಮಾತೇ.

ನಿಜ ಜೀವನದಲ್ಲಿ ಅಂಥ ದನಿಯವರು ಇದ್ದರಾ?

18ನೇ ಶತಮಾನದ ಇಂಗ್ಲಿಷ್ ಧರ್ಮಪ್ರಚಾರಕ ಜಾರ್ಜ್ ವೈಟ್‌ಫೀಲ್ಡ್ ಹೆಸರು ಮೊದಲು ಬರುತ್ತದೆ. ಬಯಲಲ್ಲಿ ನಿಂತು ಇಪ್ಪತ್ತೈದು ಸಾವಿರ ಜನರಿಗೆ ಪ್ರವಚನ ಮಾಡಿದ ಅಂತ ಪತ್ರಿಕೆಗಳು ಬರೆಯುತ್ತಿದ್ದವು. ಅಮೆರಿಕದ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್‌ಗೆ ಅನುಮಾನ. ಫ್ರಾಂಕ್ಲಿನ್ ಅನುಮಾನ ಬಂದರೆ ಸುಮ್ಮನಿರುವ ಆಸಾಮಿ ಅಲ್ಲ.

ಫಿಲಡೆಲ್ಫಿಯಾದಲ್ಲಿ ಒಂದು ಸಂಜೆ ವೈಟ್‌ಫೀಲ್ಡ್ ಮಾರ್ಕೆಟ್ ಸ್ಟ್ರೀಟ್‌ನ ಕೋರ್ಟ್ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ. ಜನರ ಹಿಂದಿನ ಸಾಲಿನಲ್ಲಿದ್ದ ಫ್ರಾಂಕ್ಲಿನ್ ನದಿಯ ಕಡೆಗೆ ಹಿಂದೆ ಹಿಂದೆ ಸರಿಯುತ್ತಾ ಹೋದ. ಫ್ರಂಟ್ ಸ್ಟ್ರೀಟ್ ಹತ್ತಿರ ಬರುವವರೆಗೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅಲ್ಲಿ ಬೀದಿಯ ಸದ್ದು ಅಡ್ಡ ಬಂತು. ಆ ದೂರವನ್ನು ತ್ರಿಜ್ಯ ಮಾಡಿಕೊಂಡು ಅರ್ಧ ವೃತ್ತ ಎಳೆದು, ಒಬ್ಬರಿಗೆ ಎರಡು ಚದರ ಅಡಿ ಜಾಗ ಅಂತ ಲೆಕ್ಕ ಹಾಕಿದ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೇಳಬಹುದು ಅಂತ ಉತ್ತರ ಬಂತು. ಎರಡು ಚದರ ಅಡಿ ಅನ್ನುವುದು ನಮ್ಮ ಸಿಟಿ ಬಸ್ಸಿನ ಲೆಕ್ಕ ಆಯಿತು, ಅದು ಬೇರೆ ಮಾತು. ಪತ್ರಿಕೆಗಳ ಸುದ್ದಿಯನ್ನೂ, ಹಳೇ ಕಾಲದ ಸೇನಾಪತಿಗಳು ಇಡೀ ಸೈನ್ಯಕ್ಕೆ ಭಾಷಣ ಮಾಡಿದರು ಅನ್ನುವ ಕಥೆಗಳನ್ನೂ ನಂಬಲು ಇದರಿಂದ ಸಾಧ್ಯವಾಯಿತು ಅಂತ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ದಾಖಲೆಯ ಮಾತು ಬಂದರೆ, 1994ರಲ್ಲಿ ಉತ್ತರ ಐರ್ಲೆಂಡಿನ ಒಬ್ಬ ಶಾಲಾ ಶಿಕ್ಷಕಿ 121.7 ಡೆಸಿಬೆಲ್‌ನಲ್ಲಿ ಕೂಗಿ ಗಿನ್ನೆಸ್ ದಾಖಲೆ ಮಾಡಿದರು. ಅವರು ಕೂಗಿದ್ದು ‘ಕ್ವಯೆಟ್’, ಅಂದರೆ ‘ಗಲಾಟೆ ನಿಲ್ಲಿಸಿ’!

ಇಂಗ್ಲಿಷಿಗೆ ಈ ಪದ ಯಾವಾಗ ಬಂತು?

17ನೇ ಶತಮಾನದ ಆರಂಭದಲ್ಲಿ. ಗ್ರೀಕ್, ಲ್ಯಾಟಿನ್ ಓದಿದವರು ಆ ಭಾಷೆಗಳ ಪದಗಳನ್ನು ಸಿಕ್ಕಾಪಟ್ಟೆ ಇಂಗ್ಲಿಷಿಗೆ ತುಂಬುತ್ತಿದ್ದ ಕಾಲ ಅದು. ಆ ಶತಮಾನದಲ್ಲೇ ಸ್ಟೆಂಟರನ ಹೆಸರು ಒಂದು ಯಂತ್ರಕ್ಕೂ ಅಂಟಿತು. ಸರ್ ಸ್ಯಾಮ್ಯುಯೆಲ್ ಮಾರ್ಲೆಂಡ್ ಅನ್ನುವವರು ಬಾಯಿಗಿಟ್ಟು ಮಾತಾಡುವ ಕಹಳೆಯಂಥ ಕೊಳವೆ ತಯಾರಿಸಿ ಅದಕ್ಕೆ ‘ಟ್ಯೂಬಾ ಸ್ಟೆಂಟೊರೊ-ಫೋನಿಕಾ’ ಅಂತ ಹೆಸರಿಟ್ಟರು. ಮೊದಲನೆಯದನ್ನು 1670ರಲ್ಲಿ ಗಾಜಿನಲ್ಲಿ ಮಾಡಿಸಿದರು, ಆಮೇಲೆ ಹಿತ್ತಾಳೆ, ತಾಮ್ರದಲ್ಲಿ. ರಾಜ ಎರಡನೇ ಚಾರ್ಲ್ಸ್ ಎದುರು ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಪರೀಕ್ಷೆಯೂ ನಡೆಯಿತು. ಸಮುದ್ರದಲ್ಲಿ ಹಡಗಿನಿಂದ ಹಡಗಿಗೆ ಮಾತಾಡಲು ಇದು ಬಲು ಉಪಯೋಗ ಅಂತ ಮಾರ್ಲೆಂಡ್ ಪ್ರಚಾರ ಮಾಡಿದರು. ಈಗಿನ ಪೊಲೀಸರ ಕೈಯಲ್ಲಿರುವ ಮೆಗಾಫೋನ್‌ನ ಮುತ್ತಜ್ಜ ಅನ್ನಬಹುದು.

ಇಂಗ್ಲಿಷ್ ಒಂದೇ ಅಲ್ಲ. ಫ್ರೆಂಚರು ‘ವುವಾ ದ ಸ್ಟೆಂಟೋರ್’ ಅನ್ನುತ್ತಾರೆ, ಜರ್ಮನ್ನರು ‘ಷ್ಟೆಂಟೋರ್‌ಷ್ಟಿಮೆ’. ಎರಡರ ಅರ್ಥವೂ ಸ್ಟೆಂಟರನ ದನಿ.

ಕನ್ನಡದಲ್ಲಿ ಏನನ್ನಬೇಕು?

ಕಂಚಿನ ಕಂಠ. ನಿಘಂಟುಗಳಲ್ಲಿ ‘ಉಚ್ಚಸ್ವರದ’, ‘ಮಹಾಧ್ವನಿಯ’ ಅಂತೆಲ್ಲ ಒಣ ಪದಗಳು ಸಿಗುತ್ತವೆ. ಅವು ಬೇಡ. ಹೋಮರ್ ಬಳಸಿದ ‘ಖಾಲ್ಕಿಯೊಫೋನಸ್’ ಪದವನ್ನು ಬಿಡಿಸಿದರೆ ಬರುವುದು ಅದೇ: ಕಂಚಿನ ದನಿಯವನು. ಯಾರೂ ಯಾರಿಂದಲೂ ತೆಗೆದುಕೊಂಡಿದ್ದಲ್ಲ. ಎರಡೂ ಕಡೆ ಕಂಚು ಬಡಿದರೆ ಸದ್ದು ಹಾಗೇ ಬರುತ್ತದೆ!

ಆದರೆ ಒಂದು ವ್ಯತ್ಯಾಸ ನೆನಪಿಡಿ. ನಾವು ವಜ್ರಮುನಿಯವರ ಡೈಲಾಗಿಗೂ ಕಂಚಿನ ಕಂಠ ಅನ್ನುತ್ತೇವೆ, ಸಿ. ಅಶ್ವತ್ಥ್ ಅವರ ಹಾಡಿಗೂ ಅನ್ನುತ್ತೇವೆ. ಇಂಗ್ಲಿಷಿನ ಸ್ಟೆಂಟೋರಿಯನ್ ಮೊದಲನೆಯದಕ್ಕೆ ಸರಿ. ಹಾಡಿನ ಇಂಪು ಹೊಗಳಲು ಅದನ್ನು ಬಳಸುವುದಿಲ್ಲ. ಭೀಮನ ಸಿಂಹನಾದದಂಥದ್ದಕ್ಕೂ ಅಷ್ಟು ಕೂಡುವುದಿಲ್ಲ. ಅದಕ್ಕೆ ಗರ್ಜನೆ, ಆರ್ಭಟ ಅನ್ನುವ ನಮ್ಮ ಪದಗಳೇ ಸಾಕು.

ಯಾವ ಸಂದರ್ಭದಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?

ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ಜೊತೆಯಾಗುವುದು ವಾಯ್ಸ್, ಟೋನ್ಸ್ ಅನ್ನುವ ಪದಗಳಿಗೆ. ಕವಾಯತು ಮಾಡಿಸುವ ಸಾರ್ಜೆಂಟ್, ಸಭೆಯನ್ನು ಹಿಡಿತಕ್ಕೆ ತರುವ ಸ್ಪೀಕರ್, ಹರಾಜು ಕೂಗುವವನು, ಇವರ ದನಿಗೆ ಚೆನ್ನಾಗಿ ಕೂಡುತ್ತದೆ. ಬಸ್ಸಿನ ಹಾರ್ನ್, ಡಿಜೆ, ಪಟಾಕಿಗೆ ಬೇಡ. ಪಕ್ಕದ ಮನೆ ಜಗಳಕ್ಕೂ ಬೇಡ. ಅದಕ್ಕೆ ರಾಕಸ್ ಅನ್ನುವ ಪದ ಇದೆ, ಒರಟು ಕರ್ಕಶ ಗದ್ದಲ ಅಂತ. ಕಿವಿ ಕೊರೆಯುವ ಕೀಚಲು ದನಿಗೆ ಸ್ಟ್ರೈಡೆಂಟ್. ಪಟ್ಟು ಹಿಡಿದು ಕೂಗಾಡಿ ಬೇಡಿಕೆ ಇಡುವವರಿಗೆ ವೊಸಿಫರಸ್. ಇದು ದನಿಗಿಂತ ಹೆಚ್ಚಾಗಿ ಹಟವನ್ನು ಹೇಳುತ್ತದೆ.

ಇನ್ನೊಂದು ಮಾತು. ಸ್ಟೆಂಟೋರಿಯನ್ ಪುಸ್ತಕದ ಪದ. ಆಫೀಸ್ ಇಮೇಲ್‌ನಲ್ಲಿ ಬಾಸ್ ದನಿ ಬಗ್ಗೆ ಬರೆದರೆ ವ್ಯಂಗ್ಯ ಅಂದುಕೊಂಡಾರು.

ಸ್ಟರ್ಟರಸ್ ಅಂತ ಇನ್ನೊಂದು ಪದ ಇದೆಯಲ್ಲ, ಅದೂ ಇದೇನಾ?

ಅಲ್ಲವೇ ಅಲ್ಲ. ಸ್ಟರ್ಟರಸ್ ಅಂದರೆ ಗೊರಕೆಯಂಥ ಭಾರದ ಉಸಿರಾಟ. ಲ್ಯಾಟಿನ್‌ನ ‘ಸ್ಟರ್ಟೆರೆ’, ಗೊರಕೆ ಹೊಡೆ ಅನ್ನುವುದರಿಂದ ಬಂದದ್ದು. ಡಾಕ್ಟರುಗಳು ಬಳಸುತ್ತಾರೆ. ವಿದೇಶಿ ವಿಶ್ವವಿದ್ಯಾಲಯ ಸೇರಲು ಬರೆಯುವ ಪರೀಕ್ಷೆಯಾದ ಜಿಆರ್‌ಇಗೆ ಓದುವವರು ಇವೆರಡನ್ನು ಅದಲುಬದಲು ಮಾಡುವುದು ಸಾಮಾನ್ಯ. ಒಂದು ಎಚ್ಚರವಾಗಿದ್ದು ಮಾಡುವ ಸದ್ದು, ಇನ್ನೊಂದು ನಿದ್ದೆಯಲ್ಲಿ ಮಾಡುವ ಸದ್ದು ಅಂತ ಇಟ್ಟುಕೊಳ್ಳಿ, ಮರೆಯುವುದಿಲ್ಲ.

ಹೋಮರನ ಬೇರೆ ಪಾತ್ರಗಳೂ ಇಂಗ್ಲಿಷ್ ಪದಗಳಾಗಿವೆಯೇ?

ಮೆಂಟರ್ ಎಲ್ಲರಿಗೂ ಗೊತ್ತಿರುವುದು. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಬರುವ ಮುದುಕ ಅವನು. ಅಲ್ಲೂ ಇದೇ ಆಟ: ಅಥೀನಾ ಅವನ ರೂಪದಲ್ಲಿ ಬಂದು ಕಥಾನಾಯಕನ ಮಗ ಟೆಲಿಮಾಕಸ್‌ಗೆ ಬುದ್ಧಿ ಹೇಳುತ್ತಾಳೆ. ಟ್ರಾಯ್‌ನ ವೀರ ಹೆಕ್ಟರ್‌ಗೆ ಮಾತ್ರ ಅನ್ಯಾಯ ಆಯಿತು. ಕಾವ್ಯದಲ್ಲಿ ಅಷ್ಟು ಸಂಭಾವಿತ, ಇಂಗ್ಲಿಷಿನಲ್ಲಿ ‘ಟು ಹೆಕ್ಟರ್’ ಅಂದರೆ ಗದರಿಸಿ ದಬಾಯಿಸು.

ಜೀವಶಾಸ್ತ್ರದ ಪುಸ್ತಕದಲ್ಲಿ ಸ್ಟೆಂಟರ್ ಅಂತ ನೋಡಿದೆ. ಅದೇನು?

ಕೆರೆ, ಹೊಂಡದ ಸಿಹಿನೀರಿನಲ್ಲಿ ಸಿಗುವ ಒಂದೇ ಕೋಶದ ಜೀವಿ. 1815ರಲ್ಲಿ ಜರ್ಮನ್ ವಿಜ್ಞಾನಿ ಲೊರೆಂಜ್ ಓಕೆನ್ ಆ ಹೆಸರು ಕೊಟ್ಟರು. ಒಂದೇ ಕೋಶವಾದರೂ ಒಂದೆರಡು ಮಿಲಿಮೀಟರ್ ಉದ್ದ ಬೆಳೆಯುವ ಜಾತಿಗಳಿವೆ, ಬರಿಗಣ್ಣಿಗೇ ಕಾಣುತ್ತವೆ. ಆಕಾರ ಥೇಟ್ ಕಹಳೆ, ಹೆಸರು ಬಂದದ್ದು ಅದಕ್ಕೇ. ತುಂಡು ಮಾಡಿದರೆ ತುಂಡುಗಳು ಮತ್ತೆ ಪೂರ್ತಿ ಜೀವಿಯಾಗಿ ಬೆಳೆಯುತ್ತವೆ. ದನಿ ಮಾತ್ರ ಇಲ್ಲ. ದಕ್ಷಿಣ ಅಮೆರಿಕದ ಹೌಲರ್ ಕೋತಿಗಳಿಗೂ ಒಂದು ಕಾಲದಲ್ಲಿ ಸ್ಟೆಂಟರ್ ಅನ್ನುವ ಕುಲನಾಮ ಇತ್ತು. ಅವುಗಳ ಕೂಗು ಕಾಡಿನಲ್ಲಿ ಕಿಲೋಮೀಟರ್‌ಗಟ್ಟಲೆ ಕೇಳುತ್ತದೆ. ಹೆಸರು ಅಲ್ಲೇ ಉಳಿಯಬೇಕಿತ್ತು. ಆದರೆ ಅದಕ್ಕೂ ಮುಂಚೆ ಅಲೊಯಾಟಾ ಅನ್ನುವ ಹೆಸರು ಇಟ್ಟಾಗಿತ್ತು, ನಿಯಮದ ಪ್ರಕಾರ ಹಳೆಯದೇ ನಿಂತಿತು.

ಜೀವಶಾಸ್ತ್ರದ ಹೊರಗೂ ಈ ಹೆಸರು ಅಂಟಿದೆ. ಬ್ರಿಟನ್ನಿನ ಒಂದು ಕಂಪನಿ ತನ್ನ ರೇಡಿಯೊ ಲೌಡ್‌ಸ್ಪೀಕರ್‌ಗಳಿಗೆ ಸ್ಟೆಂಟೋರಿಯನ್ ಅಂತ ಹೆಸರಿಟ್ಟು ಮಾರುತ್ತಿತ್ತು. ಲಾಸ್ ಏಂಜಲೀಸ್‌ನ ಕಪ್ಪು ಜನಾಂಗದ ಅಗ್ನಿಶಾಮಕ ಸಿಬ್ಬಂದಿ, ಇಲಾಖೆಯಲ್ಲಿ ತಮ್ಮನ್ನು ಬೇರೆ ಇಡುವುದರ ವಿರುದ್ಧ ದನಿ ಎತ್ತಲು 1954ರಲ್ಲಿ ಕಟ್ಟಿಕೊಂಡ ಸಂಘದ ಹೆಸರೂ ‘ಸ್ಟೆಂಟೋರಿಯನ್ಸ್’. ಆ ಸಂಘ ಈಗಲೂ ಇದೆ.